ಆನ್‌ಲೈನ್ ಪೋಕರ್

ಆನ್‌ಲೈನ್ ಪೋಕರ್ ಎಂಬುದು ಅಂತರಜಾಲದ ಮೂಲಕ ಆಡುವ ಇಸ್ಪೀಟಿನ ಆಟ. ಎಲೆ ಕಲಸುವುದು, ಹಂಚುವುದು, ಪಣದ ಲೆಕ್ಕ ಇಡುವುದು, ಗೆದ್ದವರನ್ನು ನಿರ್ಧರಿಸುವುದು ಇವೆಲ್ಲವನ್ನೂ ಇಲ್ಲಿ ತಂತ್ರಾಂಶವೇ ಮಾಡುತ್ತದೆ. ಆಟಗಾರರು ತಮ್ಮ ತಮ್ಮ ಸ್ಥಳಗಳಿಂದಲೇ ಒಂದು ಕಾಲ್ಪನಿಕ ಮೇಜಿಗೆ ಸೇರುತ್ತಾರೆ. ಕೈಗೆ ಬರುವ ಎಲೆಗಳು ಅದೃಷ್ಟಕ್ಕೆ ಸೇರಿದವು. ಅವುಗಳ ಮೇಲೆ ಎಷ್ಟು ಪಣ ಒಡ್ಡಬೇಕು, ಯಾವಾಗ ಆಟವನ್ನು ಕೈಬಿಡಬೇಕು ಎಂಬ ನಿರ್ಧಾರ ಕೌಶಲಕ್ಕೆ ಸೇರಿದ್ದು. ಈ ಎರಡರಲ್ಲಿ ಯಾವುದರ ಪಾಲು ಹೆಚ್ಚು ಎಂಬ ಪ್ರಶ್ನೆ ಹೊಸದಾಗಿ ಕಲಿಯುವವರಿಗೂ, ಆಟದ ವ್ಯಾಜ್ಯಗಳನ್ನು ವಿಚಾರಿಸಿದ ನ್ಯಾಯಾಲಯಗಳಿಗೂ ಸಮಾನವಾಗಿ ಎದುರಾಗಿದೆ. ಭಾರತದಲ್ಲಿ 2025ರ ಕೇಂದ್ರ ಕಾಯ್ದೆಯು ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಿರಲಿ ಅದೃಷ್ಟದವಾಗಿರಲಿ, ನಿಷೇಧಿಸಿದೆ.

ಇತಿಹಾಸ

ಪೋಕರ್ ಆಟವು 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಸುತ್ತಮುತ್ತ ರೂಪುಗೊಂಡು, ಮಿಸಿಸಿಪ್ಪಿ ನದಿಯ ಉಗಿಹಡಗುಗಳ ಮೂಲಕ ಇತರ ಪ್ರದೇಶಗಳಿಗೆ ಹರಡಿತು. ಇಂದು ಅತ್ಯಂತ ಜನಪ್ರಿಯವಾಗಿರುವ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯು 20ನೆಯ ಶತಮಾನದ ಆರಂಭದಲ್ಲಿ ಟೆಕ್ಸಾಸ್ ರಾಜ್ಯದ ರಾಬ್ಸ್‌ಟೌನ್ ಎಂಬ ಊರಿನಲ್ಲಿ ಹುಟ್ಟಿತೆಂದು ಹೇಳಲಾಗುತ್ತದೆ. 1970ರಲ್ಲಿ ಲಾಸ್ ವೇಗಸ್‌ನಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಸ್ಪರ್ಧೆ ಆರಂಭವಾಯಿತು.

1990ರ ದಶಕದ ಮೊದಲ ವರ್ಷಗಳಲ್ಲಿ ಐಆರ್‌ಸಿ ಎಂಬ ಅಂತರಜಾಲ ಹರಟೆಯ ವ್ಯವಸ್ಥೆಯಲ್ಲಿ ಹಣವಿಲ್ಲದೆ ಪೋಕರ್ ಆಡುವ ರೂಢಿ ಬೆಳೆಯಿತು. ನಿಜವಾದ ಹಣಕ್ಕೆ ಆಡಿಸಿದ ಮೊದಲ ತಾಣ ಪ್ಲಾನೆಟ್ ಪೋಕರ್. ಇದು 1998ರ ಜನವರಿಯಲ್ಲಿ ಆರಂಭವಾಯಿತು. 2001ರಲ್ಲಿ ಪಾರ್ಟಿಪೋಕರ್ ಮತ್ತು ಪೋಕರ್‌ಸ್ಟಾರ್ಸ್ ತಾಣಗಳು ಬಂದವು.

2003ರಲ್ಲಿ ಟೆನೆಸಿ ರಾಜ್ಯದ ಲೆಕ್ಕಪತ್ರಗಾರ ಕ್ರಿಸ್ ಮನಿಮೇಕರ್ ಆನ್‌ಲೈನ್‌ನ ಒಂದು ಅಗ್ಗದ ಅರ್ಹತಾ ಸ್ಪರ್ಧೆಯನ್ನು ಗೆದ್ದು, 10,000 ಡಾಲರ್ ಪ್ರವೇಶ ಶುಲ್ಕವಿದ್ದ ವರ್ಲ್ಡ್ ಸೀರೀಸ್‌ನ ಮುಖ್ಯ ಸ್ಪರ್ಧೆಗೆ ಸ್ಥಾನ ಪಡೆದರು. 839 ಮಂದಿಯ ಆ ಸ್ಪರ್ಧೆಯಲ್ಲಿ ಅವರಿಗೆ ದೊರೆತ ಬಹುಮಾನ 25 ಲಕ್ಷ ಡಾಲರ್. ಮರುವರ್ಷ ಅದೇ ಸ್ಪರ್ಧೆಗೆ 2,576 ಮಂದಿಯೂ 2006ರಲ್ಲಿ 8,773 ಮಂದಿಯೂ ಬಂದರು. ಸಾಮಾನ್ಯ ಉದ್ಯೋಗಿಯೊಬ್ಬರು ಮನೆಯ ಗಣಕಯಂತ್ರದಿಂದ ಆರಂಭಿಸಿ ವಿಶ್ವವಿಜೇತರಾದ ಈ ಕಥೆ ಆನ್‌ಲೈನ್ ಪೋಕರ್‌ನ ಅತಿ ದೊಡ್ಡ ಜಾಹೀರಾತಾಯಿತು. ಅದೇ ದಾರಿಯಲ್ಲಿ ಪ್ರಯತ್ನಿಸಿ ಹಣ ಕಳೆದುಕೊಂಡವರ ಕಥೆಗಳು ಅಷ್ಟು ಪ್ರಚಾರ ಪಡೆಯಲಿಲ್ಲ.

ಅಮೆರಿಕವು 2006ರಲ್ಲಿ ಕಾನೂನುಬಾಹಿರ ಅಂತರಜಾಲ ಜೂಜಿಗೆ ಹಣ ವರ್ಗಾಯಿಸುವುದನ್ನು ತಡೆಯುವ ಕಾಯ್ದೆ ಮಾಡಿತು. 2011ರ ಏಪ್ರಿಲ್ 15ರಂದು ಅಲ್ಲಿನ ನ್ಯಾಯಾಂಗ ಇಲಾಖೆಯು ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್ ಮತ್ತು ಆಬ್ಸಲ್ಯೂಟ್ ಪೋಕರ್ ತಾಣಗಳ ಮೇಲೆ ಕ್ರಮ ಕೈಗೊಂಡಿತು. ಆ ದಿನವನ್ನು ಆಟಗಾರರು ಕರಾಳ ಶುಕ್ರವಾರವೆಂದು ಕರೆಯುತ್ತಾರೆ. ಫುಲ್ ಟಿಲ್ಟ್ ಬಳಿ ಆಟಗಾರರ ಠೇವಣಿಯನ್ನು ಹಿಂದಿರುಗಿಸುವಷ್ಟು ಹಣವೇ ಇರಲಿಲ್ಲವೆಂಬುದು ಆಗ ಬೆಳಕಿಗೆ ಬಂದಿತು. 2012ರಲ್ಲಿ ಪೋಕರ್‌ಸ್ಟಾರ್ಸ್ ಅದನ್ನು ಕೊಂಡುಕೊಂಡ ನಂತರವೇ ಹಣ ಮರಳುವ ದಾರಿ ತೆರೆಯಿತು.

ಆಟದ ಕ್ರಮ

ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಒಂದು ಮೇಜಿಗೆ ಸಾಮಾನ್ಯವಾಗಿ ಇಬ್ಬರಿಂದ ಒಂಬತ್ತು ಮಂದಿ ಕೂರುತ್ತಾರೆ. 52 ಎಲೆಗಳ ಒಂದು ಕಟ್ಟನ್ನು ಬಳಸಲಾಗುತ್ತದೆ, ಜೋಕರ್ ಇರುವುದಿಲ್ಲ. ಹಂಚುವವರ ಸ್ಥಾನವನ್ನು ಬಟನ್ ಎಂಬ ಬಿಲ್ಲೆ ಸೂಚಿಸುತ್ತದೆ. ಅದು ಪ್ರತಿ ಹಂಚಿಕೆಯ ನಂತರ ಒಂದು ಸ್ಥಾನ ಮುಂದಕ್ಕೆ ಸರಿಯುತ್ತದೆ. ಬಟನ್‌ನ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ನಿಗದಿತ ಪಣ ಇಡಬೇಕು. ಇವುಗಳಿಗೆ ಸ್ಮಾಲ್ ಬ್ಲೈಂಡ್ ಮತ್ತು ಬಿಗ್ ಬ್ಲೈಂಡ್ ಎಂದು ಹೆಸರು.

ಪ್ರತಿಯೊಬ್ಬರಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಹಂಚಲಾಗುತ್ತದೆ. ಮೊದಲ ಸುತ್ತಿನ ಪಣದ ನಂತರ ಮೇಜಿನ ನಡುವೆ ಮೂರು ಎಲೆಗಳನ್ನು ತೆರೆಯಲಾಗುತ್ತದೆ, ಇದು ಫ್ಲಾಪ್. ಮತ್ತೊಂದು ಸುತ್ತಿನ ಪಣ ಮುಗಿದ ಮೇಲೆ ನಾಲ್ಕನೆಯ ಎಲೆ, ಅಂದರೆ ಟರ್ನ್. ಇನ್ನೊಂದು ಸುತ್ತಿನ ನಂತರ ಐದನೆಯ ಎಲೆ, ಅಂದರೆ ರಿವರ್. ಕೊನೆಯ ಸುತ್ತಿನ ಪಣ ಮುಗಿದಾಗ ಉಳಿದವರು ಎಲೆ ತೋರಿಸುತ್ತಾರೆ. ತಮ್ಮ ಎರಡು ಮತ್ತು ಮೇಜಿನ ಐದು, ಒಟ್ಟು ಏಳು ಎಲೆಗಳಿಂದ ಅತ್ಯುತ್ತಮ ಐದನ್ನು ಆರಿಸಿ ರಚಿಸಿದ ಸಂಯೋಜನೆಗೆ ಕೈ ಎನ್ನುತ್ತಾರೆ. ಮೇಲಿನ ಶ್ರೇಣಿಯ ಕೈ ಇರುವವರಿಗೆ ನಡುವೆ ಸೇರಿದ ಪಣದ ರಾಶಿ ಸಲ್ಲುತ್ತದೆ. ಈ ರಾಶಿಗೆ ಪಾಟ್ ಎಂದು ಹೆಸರು.

ತಮ್ಮ ಸರದಿ ಬಂದಾಗ ಆಟಗಾರರು ಪಣವಿಡದೆ ಸರದಿಯನ್ನು ಮುಂದಕ್ಕೆ ಬಿಡಬಹುದು, ಇದು ಚೆಕ್. ಇತರರು ಇಟ್ಟಷ್ಟೇ ಇಡಬಹುದು, ಇದು ಕಾಲ್. ಹೆಚ್ಚಿಸಬಹುದು, ಇದು ರೈಸ್. ಇಲ್ಲವೇ ಎಲೆ ಬಿಟ್ಟು ಹಿಂದೆ ಸರಿಯಬಹುದು, ಇದು ಫೋಲ್ಡ್. ಉಳಿದವರೆಲ್ಲ ಫೋಲ್ಡ್ ಮಾಡಿದರೆ ಕೊನೆಗೆ ಉಳಿದವರು ಎಲೆ ತೋರಿಸದೆಯೇ ಗೆಲ್ಲುತ್ತಾರೆ. ಒಳ್ಳೆಯ ಎಲೆ ಇಲ್ಲದಿದ್ದರೂ ಇರುವಂತೆ ಪಣ ಏರಿಸುವ ಬ್ಲಫ್ ತಂತ್ರಕ್ಕೆ ಈ ನಿಯಮವೇ ಆಧಾರ.

ಕೈಗಳ ಶ್ರೇಣಿ

52 ಎಲೆಗಳಿಂದ ಐದನ್ನು 25,98,960 ಬಗೆಗಳಲ್ಲಿ ಆರಿಸಬಹುದು. ಒಂದು ಕೈ ಎಷ್ಟು ಅಪರೂಪವೋ ಅದರ ಸ್ಥಾನ ಅಷ್ಟು ಮೇಲು. ಮೇಲಿನಿಂದ ಕೆಳಕ್ಕೆ ಅವುಗಳ ಕ್ರಮ ಮತ್ತು ಸಂಖ್ಯೆ ಹೀಗಿದೆ:

1. ರಾಯಲ್ ಫ್ಲಶ್: ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು – 4
2. ಸ್ಟ್ರೇಟ್ ಫ್ಲಶ್: ಒಂದೇ ಜಾತಿಯ ಅನುಕ್ರಮವಾದ ಐದು ಎಲೆಗಳು – 36
3. ಫೋರ್ ಆಫ್ ಎ ಕೈಂಡ್: ಒಂದೇ ಅಂಕಿಯ ನಾಲ್ಕು ಎಲೆಗಳು – 624
4. ಫುಲ್ ಹೌಸ್: ಒಂದೇ ಅಂಕಿಯ ಮೂರು ಮತ್ತು ಇನ್ನೊಂದು ಅಂಕಿಯ ಎರಡು – 3,744
5. ಫ್ಲಶ್: ಅನುಕ್ರಮವಿಲ್ಲದ ಒಂದೇ ಜಾತಿಯ ಐದು ಎಲೆಗಳು – 5,108
6. ಸ್ಟ್ರೇಟ್: ಬೇರೆ ಬೇರೆ ಜಾತಿಯ ಅನುಕ್ರಮವಾದ ಐದು ಎಲೆಗಳು – 10,200
7. ಥ್ರೀ ಆಫ್ ಎ ಕೈಂಡ್: ಒಂದೇ ಅಂಕಿಯ ಮೂರು ಎಲೆಗಳು – 54,912
8. ಎರಡು ಜೋಡಿ – 1,23,552
9. ಒಂದು ಜೋಡಿ – 10,98,240
10. ಮೇಲಿನ ಯಾವುದೂ ಇಲ್ಲದ ಕೈ. ಇಲ್ಲಿ ದೊಡ್ಡ ಎಲೆ ಇರುವವರು ಮೇಲು – 13,02,540

ಕೊನೆಯ ಎರಡು ಬಗೆಗಳೇ ಒಟ್ಟಿನ ಶೇ. 92ಕ್ಕಿಂತ ಹೆಚ್ಚಾಗುತ್ತವೆ. ಹೋಲ್ಡೆಮ್‌ನಲ್ಲಿ ಏಳು ಎಲೆಗಳಿಂದ ಐದನ್ನು ಆರಿಸುವುದರಿಂದ ದೊಡ್ಡ ಕೈಗಳು ಇದಕ್ಕಿಂತ ಹೆಚ್ಚಾಗಿ ಬರುತ್ತವೆ; ಆದರೆ ಶ್ರೇಣಿ ಬದಲಾಗುವುದಿಲ್ಲ. ಮೂರೆಲೆ ಆಟ ಬಲ್ಲವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮೂರೆಲೆಯಲ್ಲಿ ಅನುಕ್ರಮವು ಒಂದೇ ಜಾತಿಯ ಎಲೆಗಳಿಗಿಂತ ಮೇಲು. ಪೋಕರ್‌ನಲ್ಲಿ ಒಂದೇ ಜಾತಿಯ ಐದು ಎಲೆಗಳೇ ಅನುಕ್ರಮಕ್ಕಿಂತ ಮೇಲು.

ಸಂಭವನೀಯತೆ ಮತ್ತು ನಿರ್ಧಾರ

ಮೊದಲು ಕೈಗೆ ಬರುವ ಎರಡು ಎಲೆಗಳ ಸಂಯೋಜನೆಗಳು 1,326. ಅವುಗಳಲ್ಲಿ ಅತ್ಯುತ್ತಮವಾದ ಎರಡು ಎಕ್ಕಗಳು ಸರಾಸರಿ 221 ಹಂಚಿಕೆಗೆ ಒಮ್ಮೆ ಬರುತ್ತವೆ. ಯಾವುದಾದರೊಂದು ಜೋಡಿ ಬರುವುದು 17ಕ್ಕೆ ಒಮ್ಮೆ. ಹೀಗಾಗಿ ಬಹುತೇಕ ಹಂಚಿಕೆಗಳಲ್ಲಿ ಫೋಲ್ಡ್ ಮಾಡುವುದೇ ಸರಿಯಾದ ಆಟ. ಬಂದ ಎಲೆಗಳನ್ನೆಲ್ಲ ಆಡಬೇಕೆಂಬ ಆತುರವು ಹೊಸಬರ ಸಾಮಾನ್ಯ ತಪ್ಪು.

ಪಣಕ್ಕೂ ಸಂಭವನೀಯತೆಗೂ ಇರುವ ಸಂಬಂಧವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಟರ್ನ್ ಎಲೆ ತೆರೆದ ಬಳಿಕ ಒಬ್ಬರ ಕೈಯಲ್ಲಿ ಎರಡು, ಮೇಜಿನ ಮೇಲೆ ಎರಡು, ಒಟ್ಟು ನಾಲ್ಕು ಆಟೀನು ಎಲೆಗಳಿವೆ ಎಂದುಕೊಳ್ಳೋಣ. ಇನ್ನೊಂದು ಆಟೀನು ಬಂದರೆ ಫ್ಲಶ್ ಆಗುತ್ತದೆ. ಕಾಣದಿರುವ 46 ಎಲೆಗಳಲ್ಲಿ ಆಟೀನು ಉಳಿದಿರುವುದು 9. ಅಂದರೆ ಅವಕಾಶ ಸುಮಾರು ಶೇ. 19.6. ಪಾಟ್‌ನಲ್ಲಿ 80 ಬಿಲ್ಲೆಗಳಿದ್ದು ಎದುರಾಳಿ 20 ಇಟ್ಟರೆ, 20 ಕೊಟ್ಟು ಒಟ್ಟು 120ರ ರಾಶಿಗೆ ಆಡಿದಂತಾಗುತ್ತದೆ. ಇದಕ್ಕೆ ಬೇಕಾದ ಅವಕಾಶ ಆರಕ್ಕೆ ಒಂದು, ಅಂದರೆ ಸುಮಾರು ಶೇ. 16.7. ಇರುವ ಅವಕಾಶ ಅದಕ್ಕಿಂತ ಹೆಚ್ಚಾದ್ದರಿಂದ ಮುಂದುವರಿಯುವುದು ಸರಿ. ಎದುರಾಳಿ 20ರ ಬದಲು 80 ಇಟ್ಟರೆ 240ರ ರಾಶಿಗಾಗಿ 80 ಕೊಡಬೇಕು; ಬೇಕಾದ ಅವಕಾಶ ಮೂರಕ್ಕೆ ಒಂದು. ಎಲೆಗಳು ಅವೇ ಆದರೂ ಈಗ ಹಿಂದೆ ಸರಿಯುವುದು ಸಾಮಾನ್ಯವಾಗಿ ಸರಿ.

ಈ ಉದಾಹರಣೆಯಲ್ಲಿ ಇನ್ನೊಂದು ಪಾಠವಿದೆ. ಮೊದಲ ಸಂದರ್ಭದಲ್ಲಿ ಮುಂದುವರಿದದ್ದು ಸರಿಯಾದ ನಿರ್ಧಾರವೇ. ಆದರೂ ಐದರಲ್ಲಿ ಸುಮಾರು ನಾಲ್ಕು ಸಲ ಆಟೀನು ಬರುವುದಿಲ್ಲ. ಹಾಗೆಯೇ ಎರಡು ಎಕ್ಕಗಳು ಎರಡು ರಾಜರ ಎದುರು ಕೊನೆಯವರೆಗೆ ಆಡಿದಾಗ ಐದರಲ್ಲಿ ಸುಮಾರು ಒಂದು ಸಲ ಸೋಲುತ್ತವೆ. ಒಂದು ಹಂಚಿಕೆಯ ಫಲಿತಾಂಶವನ್ನು ನೋಡಿ ಆಟ ಸರಿಯೋ ತಪ್ಪೋ ಎಂದು ಹೇಳಲಾಗದು. ಕೌಶಲದ ಪರಿಣಾಮ ತಿಳಿಯಬೇಕಾದರೆ ಸಾವಿರಾರು ಹಂಚಿಕೆಗಳು ಬೇಕು. ಮೊದಲ ವಾರ ಗೆದ್ದವರು ತಮ್ಮನ್ನು ಕುಶಲರೆಂದು ಭಾವಿಸುವುದೂ, ಸೋತವರು ಅದೃಷ್ಟವನ್ನು ದೂರುವುದೂ ಈ ಕಾರಣದಿಂದಲೇ.

ಎಲೆ ಕಲಸುವ ತಂತ್ರಾಂಶ

52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 68 ಅಂಕಿಗಳಷ್ಟು ದೊಡ್ಡದು. ತಂತ್ರಾಂಶವು ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿ ಅವುಗಳಲ್ಲಿ ಒಂದನ್ನು ಆರಿಸುತ್ತದೆ. ಈ ಆಯ್ಕೆ ಯಾರ ಊಹೆಗೂ ಸಿಗದಂತಿರಬೇಕು. 1999ರಲ್ಲಿ ಅಮೆರಿಕದ ತಂತ್ರಾಂಶ ತಜ್ಞರ ತಂಡವೊಂದು ಪ್ಲಾನೆಟ್ ಪೋಕರ್ ಮುಂತಾದ ತಾಣಗಳು ಬಳಸುತ್ತಿದ್ದ ಕಲಸುವ ವಿಧಾನದಲ್ಲಿ ದೋಷ ಕಂಡುಹಿಡಿಯಿತು. ಆ ವಿಧಾನವನ್ನು ತಯಾರಕ ಸಂಸ್ಥೆಯೇ ತನ್ನ ಪ್ರಾಮಾಣಿಕತೆಯನ್ನು ತೋರಿಸಲೆಂದು ಪ್ರಕಟಿಸಿತ್ತು. ಅದು ನಡುರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದರಿಂದ ದಿನಕ್ಕೆ ಸಾಧ್ಯವಿದ್ದ ಕ್ರಮಗಳು 8.64 ಕೋಟಿ ಮಾತ್ರ. ತಂಡವು ಗಡಿಯಾರವನ್ನು ತಾಣದ ಸಮಯಕ್ಕೆ ಹೊಂದಿಸಿ ಸಾಧ್ಯತೆಗಳನ್ನು ಸುಮಾರು 2 ಲಕ್ಷಕ್ಕೆ ಇಳಿಸಿತು. ಬಳಿಕ ತೆರೆದ ಎಲೆಗಳನ್ನು ನೋಡಿ ಎಲ್ಲರ ಎಲೆಗಳನ್ನೂ ಹೇಳಬಹುದಾಗಿತ್ತು. ದೋಷವನ್ನು ಅನಂತರ ಸರಿಪಡಿಸಲಾಯಿತು. ಇಂದು ಪರವಾನಗಿ ಪಡೆದ ತಾಣಗಳು ತಮ್ಮ ಯಾದೃಚ್ಛಿಕ ಸಂಖ್ಯೆಗಳ ವ್ಯವಸ್ಥೆಯನ್ನು ಸ್ವತಂತ್ರ ಪ್ರಯೋಗಾಲಯಗಳಿಂದ ಪರೀಕ್ಷಿಸಿಕೊಳ್ಳುತ್ತವೆ.

ತಾಣದ ಕಡಿತ

ಪೋಕರ್‌ನಲ್ಲಿ ಆಟಗಾರರು ತಾಣದ ವಿರುದ್ಧ ಆಡುವುದಿಲ್ಲ, ಪರಸ್ಪರ ಆಡುತ್ತಾರೆ. ತಾಣವು ಪ್ರತಿ ಪಾಟ್‌ನಿಂದ ಒಂದು ಭಾಗವನ್ನು ತೆಗೆದುಕೊಳ್ಳುತ್ತದೆ. ರೇಕ್ ಎಂದು ಕರೆಯುವ ಈ ಕಡಿತ ಸಾಮಾನ್ಯವಾಗಿ ಶೇ. 5ರ ಆಸುಪಾಸಿನಲ್ಲಿದ್ದು, ಅದಕ್ಕೆ ಒಂದು ಗರಿಷ್ಠ ಮಿತಿ ಇರುತ್ತದೆ. ಸಮಾನ ಕೌಶಲದ ಇಬ್ಬರು ತಲಾ 1,000 ರೂಪಾಯಿಯೊಂದಿಗೆ ಕುಳಿತು, ಪ್ರತಿ ಪಾಟ್ 100 ರೂಪಾಯಿ ಮತ್ತು ಕಡಿತ 5 ರೂಪಾಯಿ ಎಂದು ಭಾವಿಸಿದರೆ, 100 ಪಾಟ್‌ಗಳ ನಂತರ ಮೇಜಿನಲ್ಲಿ ಉಳಿಯುವುದು 2,000 ಅಲ್ಲ, 1,500 ರೂಪಾಯಿ. ಇಬ್ಬರಲ್ಲಿ ಯಾರೂ ತಪ್ಪು ಮಾಡದಿದ್ದರೂ 500 ರೂಪಾಯಿ ಹೋಗಿರುತ್ತದೆ. ಆದ್ದರಿಂದ ಗೆಲ್ಲಲು ಎದುರಾಳಿಗಿಂತ ಚೆನ್ನಾಗಿ ಆಡಿದರೆ ಸಾಲದು. ಕಡಿತವನ್ನೂ ಮೀರುವಷ್ಟು ಚೆನ್ನಾಗಿ ಆಡಬೇಕು.

ವೇಗವೂ ಇಲ್ಲಿ ಮುಖ್ಯ. ನಿಜವಾದ ಮೇಜಿನಲ್ಲಿ ಗಂಟೆಗೆ ಸುಮಾರು 25ರಿಂದ 30 ಹಂಚಿಕೆಗಳು ನಡೆದರೆ, ಆನ್‌ಲೈನ್‌ನಲ್ಲಿ ಒಂದೇ ಮೇಜಿನಲ್ಲಿ 60ಕ್ಕಿಂತ ಹೆಚ್ಚು ನಡೆಯುತ್ತವೆ. ಹಲವು ಮೇಜುಗಳಲ್ಲಿ ಏಕಕಾಲಕ್ಕೆ ಆಡಲೂ ಸಾಧ್ಯ. ಅನುಭವ ಬೇಗ ಸಿಗುವಂತೆಯೇ ಹಣವೂ ಬೇಗ ಕರಗುತ್ತದೆ.

ಕಲಿಕೆಯ ಆರಂಭ

ಪೋಕರ್ ಕಲಿಯಲು ಹಣ ಬೇಕಿಲ್ಲ. ಮೊದಲ ಹಂತದಲ್ಲಿ ಒಂದು ಕಟ್ಟು ಎಲೆ ಹಿಡಿದು ಮನೆಯವರೊಡನೆ ಅಥವಾ ಗೆಳೆಯರೊಡನೆ ಹುಣಸೆಬೀಜ, ಬೆಂಕಿಕಡ್ಡಿಗಳನ್ನು ಪಣವಾಗಿಟ್ಟು ಆಡಬಹುದು. ಕೈಗಳ ಶ್ರೇಣಿಯನ್ನು ನೋಡದೆ ಹೇಳುವಷ್ಟು ರೂಢಿಸಿಕೊಳ್ಳುವುದು ಇಲ್ಲಿಯ ಗುರಿ. ಎರಡನೆಯ ಹಂತದಲ್ಲಿ ಗೆಲುವಿಗೆ ಹಣ ಕೊಡದ, ಉಚಿತ ಬಿಲ್ಲೆಗಳ ಆನ್‌ಲೈನ್ ಆಟಗಳು ಸರದಿ, ಸಮಯದ ಮಿತಿ ಮತ್ತು ಪಣದ ಕ್ರಮವನ್ನು ಪರಿಚಯಿಸುತ್ತವೆ. ಉಚಿತ ಬಿಲ್ಲೆಗಳಿಗೆ ಬೆಲೆಯಿಲ್ಲದ ಕಾರಣ ಅಲ್ಲಿನ ಆಟಗಾರರು ಫೋಲ್ಡ್ ಮಾಡುವುದು ಕಡಿಮೆ. ಅಲ್ಲಿ ಗೆದ್ದದ್ದನ್ನು ಕೌಶಲದ ಅಳತೆಗೋಲಾಗಿ ಭಾವಿಸಬಾರದು.

ಆರಂಭಿಕರಿಗೆ ಸಾಮಾನ್ಯವಾಗಿ ನೀಡುವ ಸಲಹೆಗಳು ಕೆಲವು. ಕಡಿಮೆ ಹಂಚಿಕೆಗಳನ್ನು ಆಡಬೇಕು, ಆಡಿದಾಗ ದೃಢವಾಗಿ ಆಡಬೇಕು. ಸರದಿಯಲ್ಲಿ ಕೊನೆಗೆ ಆಡುವವರಿಗೆ ಇತರರ ನಿರ್ಧಾರ ಮೊದಲೇ ತಿಳಿದಿರುವುದರಿಂದ ಬಟನ್‌ನ ಸ್ಥಾನ ಹೆಚ್ಚು ಅನುಕೂಲಕರ. ಮೊದಲು ಆಡಬೇಕಾದ ಸ್ಥಾನದಲ್ಲಿ ಇನ್ನೂ ಒಳ್ಳೆಯ ಎಲೆಗಳಿಗಾಗಿ ಕಾಯಬೇಕು. ಆಡಿದ ಹಂಚಿಕೆಗಳ ದಾಖಲೆಯನ್ನು ಅನಂತರ ನೋಡಿ, ಗೆದ್ದೆವೇ ಎಂದಲ್ಲ, ನಿರ್ಧಾರ ಸರಿಯಿತ್ತೇ ಎಂದು ಪರಿಶೀಲಿಸಬೇಕು. ಸೋಲಿನ ಸಿಟ್ಟಿನಲ್ಲಿ ವಿವೇಚನೆ ಕಳೆದುಕೊಳ್ಳುವ ಸ್ಥಿತಿಗೆ ಟಿಲ್ಟ್ ಎನ್ನುತ್ತಾರೆ. ಅದರ ಲಕ್ಷಣ ಕಂಡೊಡನೆ ಮೇಜು ಬಿಟ್ಟೇಳುವುದು ಉತ್ತಮ.

ಓದಿನ ಮೂಲಕ ಕಲಿಯುವವರಿಗೆ ಡೇವಿಡ್ ಸ್ಕ್ಲಾನ್ಸ್ಕಿ ಅವರ ದಿ ಥಿಯರಿ ಆಫ್ ಪೋಕರ್ ಪ್ರಸಿದ್ಧ ಪುಸ್ತಕ. ಅಮೆರಿಕದ ಎಂಐಟಿ ಸಂಸ್ಥೆಯ ಪೋಕರ್ ಸಿದ್ಧಾಂತದ ಪಾಠಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ.

ವಂಚನೆ ಮತ್ತು ಗಣಕದ ಆಟಗಾರರು

ಆನ್‌ಲೈನ್ ಮೇಜಿನಲ್ಲಿ ಎದುರಿರುವವರ ಮುಖ ಕಾಣುವುದಿಲ್ಲ. ಇಬ್ಬರು ದೂರವಾಣಿಯಲ್ಲಿ ಎಲೆಗಳನ್ನು ಹೇಳಿಕೊಂಡು ಮೂರನೆಯವರ ವಿರುದ್ಧ ಆಡಬಹುದು; ಒಬ್ಬರೇ ಹಲವು ಹೆಸರಿನಲ್ಲಿ ಕೂರಬಹುದು; ಮನುಷ್ಯರ ಬದಲು ತಂತ್ರಾಂಶವೇ ಆಡುತ್ತಿರಬಹುದು. 2007 ಮತ್ತು 2008ರಲ್ಲಿ ಆಬ್ಸಲ್ಯೂಟ್ ಪೋಕರ್ ಹಾಗೂ ಅಲ್ಟಿಮೇಟ್‌ಬೆಟ್ ತಾಣಗಳಲ್ಲಿ ಕೆಲವು ಖಾತೆಗಳಿಗೆ ಇತರರ ಮುಚ್ಚಿದ ಎಲೆಗಳು ಕಾಣುತ್ತಿದ್ದವೆಂಬುದು ಬಯಲಾಯಿತು. ಅದನ್ನು ಪತ್ತೆಹಚ್ಚುವಲ್ಲಿ ಆಟದ ದಾಖಲೆಗಳನ್ನು ವಿಶ್ಲೇಷಿಸಿದ ಆಟಗಾರರ ಪಾತ್ರ ದೊಡ್ಡದು.

ಪೋಕರ್ ಗಣಿತಜ್ಞರಿಗೂ ಪ್ರಿಯವಾದ ವಿಷಯ. ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಪೋಕರ್ ಮತ್ತು ಬ್ಲಫ್ ಬಗ್ಗೆ ವಿವೇಚನೆ ಇದೆ. 2017ರಲ್ಲಿ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರೇಟಸ್ ಎಂಬ ತಂತ್ರಾಂಶವು 1,20,000 ಹಂಚಿಕೆಗಳ ಇಬ್ಬರ ಆಟದಲ್ಲಿ ನಾಲ್ವರು ವೃತ್ತಿಪರರನ್ನು ಸೋಲಿಸಿತು. 2019ರಲ್ಲಿ ಪ್ಲುರಿಬಸ್ ಎಂಬ ತಂತ್ರಾಂಶವು ಆರು ಮಂದಿಯ ಮೇಜಿನಲ್ಲೂ ವೃತ್ತಿಪರರನ್ನು ಮೀರಿಸಿತು. ಪೋಕರ್‌ನಲ್ಲಿ ಕೌಶಲವಿದೆ ಎಂಬುದಕ್ಕೆ ಇದು ಸಾಕ್ಷಿ. ಆ ಕೌಶಲದಲ್ಲಿ ಮನುಷ್ಯರು ಯಂತ್ರಕ್ಕಿಂತ ಹಿಂದೆ ಬಿದ್ದಿದ್ದಾರೆ ಎಂಬುದಕ್ಕೂ ಇದೇ ಸಾಕ್ಷಿ.

ಭಾರತದಲ್ಲಿ ಕಾನೂನು

1867ರ ಸಾರ್ವಜನಿಕ ಜೂಜು ಕಾಯ್ದೆಯು ಕೇವಲ ಕೌಶಲದ ಆಟಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಪಣ ಮತ್ತು ಜೂಜು ಸಂವಿಧಾನದ ರಾಜ್ಯ ಪಟ್ಟಿಗೆ ಸೇರಿದ ವಿಷಯವಾದ್ದರಿಂದ ರಾಜ್ಯಗಳ ಕಾನೂನುಗಳು ಬೇರೆ ಬೇರೆಯಾಗಿ ಬೆಳೆದವು. 1968ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಹೇಳಿ, ಅದನ್ನು ಮೂರೆಲೆ ಆಟದಿಂದ ಪ್ರತ್ಯೇಕಿಸಿತು. ಆ ತೀರ್ಪಿನಲ್ಲಿ ಪೋಕರ್ ವಿಚಾರ ಇರಲಿಲ್ಲ. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕೌಶಲದ ಆಟವಾಗಿ ಪೋಕರ್ ಆಡಿಸಲು ಪರವಾನಗಿ ಬೇಕಿಲ್ಲವೆಂದಿತು. 2017ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ಇದಕ್ಕೆ ವಿರುದ್ಧವಾಗಿ ಪೋಕರ್ ಜೂಜೇ ಎಂದು ತೀರ್ಮಾನಿಸಿತು.

ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಪಡಿಸಿತು. 2023ರ ಅಕ್ಟೋಬರ್ 1ರಿಂದ ಇಂತಹ ಆಟಗಳಿಗೆ ತೊಡಗಿಸುವ ಹಣದ ಮೇಲೆ ಶೇ. 28 ಜಿಎಸ್‌ಟಿ ವಿಧಿಸಲಾಯಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಈ ಕಾಯ್ದೆಯು ಕೌಶಲ ಮತ್ತು ಅದೃಷ್ಟದ ಹಳೆಯ ಭೇದವನ್ನು ಬದಿಗಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಇಂತಹ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ನೀಡುವವರಿಗೆ 2 ವರ್ಷದವರೆಗೆ ಸೆರೆವಾಸ ಮತ್ತು 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆಡುವವರನ್ನು ಶಿಕ್ಷಿಸುವುದು ಕಾಯ್ದೆಯ ಉದ್ದೇಶವಲ್ಲ. ದೇಶದ ಪ್ರಮುಖ ತಾಣಗಳು ಕೆಲವೇ ದಿನಗಳಲ್ಲಿ ಹಣದ ಆಟವನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ವಿವಿಧ ಉಚ್ಚ ನ್ಯಾಯಾಲಯಗಳಿಗೆ ಸಲ್ಲಿಕೆಯಾದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ವ್ಯಸನ ಮತ್ತು ನೆರವು

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯು ಜೂಜಿನ ವ್ಯಸನವನ್ನು ಕಾಯಿಲೆಯೆಂದು ಗುರುತಿಸಿ, ಆನ್‌ಲೈನ್ ಬಗೆಯನ್ನು ಪ್ರತ್ಯೇಕವಾಗಿ ಸೂಚಿಸಿದೆ. ಕಳೆದುಕೊಂಡ ಹಣವನ್ನು ಮರಳಿ ಪಡೆಯಲು ಇನ್ನಷ್ಟು ಆಡುವುದು, ಮನೆಯವರಿಂದ ಮುಚ್ಚಿಡುವುದು, ಸಾಲ ಮಾಡುವುದು, ನಿದ್ದೆ ಮತ್ತು ಕೆಲಸ ಕೆಡುವುದು ಇದರ ಲಕ್ಷಣಗಳು. ಸ್ವಲ್ಪ ಕೌಶಲವಿರುವ ಆಟದಲ್ಲಿ ಈ ಅಪಾಯಕ್ಕೆ ಇನ್ನೊಂದು ಮುಖವಿದೆ: ಸೋತವರು ತಾವು ಜೂಜಿನಲ್ಲಿ ಸೋತೆವೆಂದು ಒಪ್ಪದೆ, ಇನ್ನೂ ಸ್ವಲ್ಪ ಕಲಿತರೆ ಗೆಲ್ಲುವೆವೆಂದು ನಂಬಿ ಮುಂದುವರಿಯುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಮಾನಸಿಕ ಆರೋಗ್ಯದ ಸಲಹೆಗಾಗಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ಕರೆ ಮಾಡಬಹುದು. ನಕಲಿ ಆಟದ ಆ್ಯಪ್‌ಗಳಿಂದ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ನೀಡಬಹುದು.

ಇವನ್ನೂ ನೋಡಿ

ಇಸ್ಪೀಟು
ರಮ್ಮಿ
ಸಂಭವನೀಯತೆ
ಆಟಗಳ ಸಿದ್ಧಾಂತ
ಜೂಜು